ತಂಬಿಗೆ ತುಳುಕದ ಜೀಪು

ಮಂಕಿ,
೧೨ ನವೆಂಬರ್ ೨೦೨೪

ಪ್ರೀತಿಯ ಮಗಳು ಸುಚಿತಾಳಿಗೆ ಅಪ್ಪನ ಆಶೀರ್ವಾದ.

ಆರೋಗ್ಯ ಹೇಗಿದೆ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ನನ್ನ ಮೊಮ್ಮಗು ಒದೆಯುತ್ತಿದೆಯೇ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾಟಕದಲ್ಲಿ ಭೀಮನ ಪಾರ್ಟು ಮಾಡಿ ಬೆಳೆದ ನನ್ನ ಸ್ವರ ಹೊಳನಗದ್ದೆಯಲ್ಲಿ ನಿನ್ನ ಅತ್ತೆಯ ಅಡುಗೆಮನೆಗೂ ಕೇಳುತ್ತದೆಂದು ನಿನ್ನಮ್ಮ ಮಾಸ್ತಮ್ಮ ಕಾಗದ, ಪೆನ್ನು ಕೈಗಿತ್ತಳು.

ವಿಷಯ ನಮ್ಮ ಜೀಪಿನದು. ಚೌತಿಗೆ ಬಂದಾಗ ನಿನ್ನತ್ತೆ ಜೀಪಿನ ಮೇಲಿನ ಕಂಬಿಗೆ ಮೂರು ಸಲ ತಲೆ ಬಡಿಸಿಕೊಂಡು, "ಬೀಗರೇ, ಇದ್ರಲ್ಲಿ ಬಸುರಿ ಹೆಂಗ್ಸನ್ನ ಕೂರ್ಸಿ ಕರ್ಕಂಡು ಹೋಗ್ತ್ರಿ ಎಂತ? ನಾ ಕಳ್ಸೂದಿಲ್ಲ" ಅಂದರಲ್ಲ, ತುಂಬಿದ ಸಭೆಯಲ್ಲಿ ನನ್ನ ಗದೆ ಕಸಿದುಕೊಂಡಂತಾಯಿತು. ಮೊದಲ ಬಾಳಂತನಕ್ಕೆ ಮಗಳನ್ನು ಸ್ವಂತ ಗಾಡಿಯಲ್ಲಿ ಕರೆತರದವನು ಎಂಥ ಅಪ್ಪ?

ಹೊನ್ನಾವರದ ಮೆಕ್ಯಾನಿಕ್ ಲಿಂಗಪ್ಪ ಜೀಪಿನಡಿ ತೆವಳಿ ನೋಡಿದ. ಬಾಡಿಯನ್ನು ಅಡಿಯ ಕಬ್ಬಿಣದ ಚೌಕಟ್ಟಿನ, ಅಂದರೆ ಚಾಸಿಯ, ಮೇಲೆ ಕೂರಿಸುವ ಎಂಟೂ ರಬ್ಬರ್ ಬುಷ್‌ಗಳು ಒಣಕೊಬ್ಬರಿಯಂತೆ ಬಿರಿದು, ಕಬ್ಬಿಣಕ್ಕೆ ಕಬ್ಬಿಣವೇ ಗುದ್ದುತ್ತಿತ್ತು. ಹೊಸದನ್ನು ಹಾಕಿ ಅವನು ಊಟಕ್ಕೆ ಹೋದ. ನಾನು ಮೂವತ್ತು ವರ್ಷ ಬೋಟಿನ ಎಂಜಿನ್ ನೋಡಿಕೊಂಡವನು. ಬೋಲ್ಟು ಸಡಿಲಿದ್ದರೆ ನಡುಸಮುದ್ರದಲ್ಲಿ ಗತಿಯೇನು? ಪಾನಾ ಹಿಡಿದು, ದುಶ್ಶಾಸನನೇ ಕೈಗೆ ಸಿಕ್ಕಂತೆ ಎಂಟನ್ನೂ ಬಿಗಿದೆ. ಜೀಪು ಹೆದ್ದಾರಿಗೆ ಇಳಿದು ಮೊದಲಿಗಿಂತ ಜೋರಾಗಿ ಕುಣಿಯಿತು. ಲಿಂಗಪ್ಪ ತಲೆಯ ಮೇಲೆ ಕೈಹೊತ್ತ. "ಮಾಬ್ಲಣ್ಣ, ಇದು ಬೋಟಲ್ಲ ಮಾರಾಯ. ರಬ್ಬರ್ ಅಪ್ಪಚ್ಚಿ ಆದ್ರೆ ಹೊಡ್ತ ತಡೀತದ್ಯಾ? ಅದಕ್ಕೆ ಕುಗ್ಗಿ ಏಳೂಕೆ ಜಾಗ ಬಿಡ್ಬೇಕು."

ಎರಡನೇ ಅಂಕದಲ್ಲಿ ನನ್ನನ್ನು ದೂರ ಕೂರಿಸಿ, ಅಪ್ಪಚ್ಚಿಯಾದವನ್ನು ಬದಲಿಸಿ, ಅವನೇ ಹದವಾಗಿ ಬಿಗಿದ. ನಿನ್ನೆ ನಿನ್ನಮ್ಮ ಮಡಿಲಲ್ಲಿ ನೀರು ತುಂಬಿದ ತಂಬಿಗೆ ಇಟ್ಟುಕೊಂಡು ಹೊನ್ನಾವರದಿಂದ ಮಂಕಿಗೆ ಬಂದಳು. ಸೀರೆಗೆ ಬಿದ್ದದ್ದು ಎರಡೇ ಹನಿ, ಅದೂ ಎಮ್ಮೆ ಅಡ್ಡಬಂದಾಗ. ಆದರೆ ಗಡಗಡ ಸದ್ದು ನಿಂತು ದಾರಿಯುದ್ದ ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತು ನೋಡು, "ಮೊದ್ಲಿನ ಗಡಗಡನೇ ಅಡ್ಡಿಲ್ಲಾಗಿತ್ತು" ಅಂದಳು.

ಬರುವ ವಾರ ಬುಧವಾರ ಹತ್ತು ಗಂಟೆಗೆ ನಿಮ್ಮ ಬಾಗಿಲಲ್ಲಿರುತ್ತೇನೆ. ತಂಬಿಗೆಗೆ ನಿನ್ನತ್ತೆಯೇ ನೀರು ತುಂಬಿಸಲಿ, ಮಡಿಲಲ್ಲಿಟ್ಟುಕೊಂಡು ಕುಮಟಾ ಪೇಟೆ ಒಂದು ಸುತ್ತು ಬರಲಿ. ಆಮೇಲೆ ತೀರ್ಪು ಅವರದೇ. ಅವರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ನಿನ್ನ ಅಪ್ಪ,
ಮಾಬ್ಲ

ತಾ.ಕ.: ಅತ್ತೆಯ ಸೀರೆ ಒದ್ದೆಯಾದರೆ ನೀನು ರೈಲಿನಲ್ಲೇ ಬಾ, ನಾನು ಒಂದು ಮಾತೂ ಆಡುವುದಿಲ್ಲ. ಜೀಪು ತಂದು ಮಂಕಿ ಸ್ಟೇಷನ್ನಿನಲ್ಲಿ ಕಾಯುತ್ತೇನೆ. ಅಲ್ಲಿಂದ ಮನೆಯವರೆಗಿನ ಹೊಂಡದ ರಸ್ತೆಗೆ ರೈಲು ಬರುವುದಿಲ್ಲವಲ್ಲ.