ಮೊಳೆಗೆ ತೂಗಿದ ಚೆಂಡಿನ ಚೀಲ

ಯಲ್ಲಾಪುರ
೧೧ ಮೇ ೨೦೨೫, ಭಾನುವಾರ

ಐಮನ್‌ಳ ಅಬ್ಬಾ ಅವರಿಗೆ ನಿಮ್ಮ ಮನೆಯವಳ ಸಲಾಮ್.

ನಿಮ್ಮ ಮಂಡಿ ಹೇಗಿದೆ? ಮೊದಲು ಅದನ್ನು ಹೇಳಿ, ಉಳಿದದ್ದೆಲ್ಲ ಆಮೇಲೆ. ಹೋಗುವಾಗ ಬ್ಯಾಗಿನ ಬದಿಯ ಜೇಬಿನಲ್ಲಿ ಎಣ್ಣೆಯ ಬಾಟಲಿ ಇಟ್ಟಿದ್ದೆ, ಅದರ ಮುಚ್ಚಳವನ್ನಾದರೂ ತೆಗೆದಿದ್ದೀರೋ ಇಲ್ಲವೋ ಅಲ್ಲಾಹನಿಗೇ ಗೊತ್ತು. ನೀವು ಇಳಿದುಕೊಂಡಿರುವುದು ಮಗಳ ಮನೆಯಲ್ಲೇ, ಆದರೂ ಐಮನ್ ಹತ್ತಿರ ಕೇಳಿದರೆ 'ಹಚ್ತಾರೆ ಅಮ್ಮೀ' ಅನ್ನುತ್ತಾಳೆ. ಹುಟ್ಟಿದಾಗಿನಿಂದ ಅವಳು ನಿಮ್ಮ ಪಾರ್ಟಿ, ಅವಳ ಮಾತನ್ನು ನಾನು ನಂಬುವುದಿಲ್ಲ. ಮೊಮ್ಮಗಳ ಕೆಮ್ಮು ಹೋಯಿತೇ? ಅವಳಿಗೆ ಐಸ್‌ಕ್ರೀಮ್ ಕೊಡಿಸುವವರು ಯಾರು ಎಂದು ನನಗೆ ಗೊತ್ತಿದೆ, ಹೆಸರು ಬರೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಸೊಂಟ ಇದ್ದ ಹಾಗೆಯೇ ಇದೆ. ಸೆಕೆ ಮಾತ್ರ ವಿಪರೀತ, ಮಧ್ಯಾಹ್ನ ಕರೆಂಟು ಹೋದರೆ ಸಂಜೆಯವರೆಗೆ ಬರುವುದಿಲ್ಲ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಏಕೆ ಹಿಡಿಯಿತು ಎಂದು ನೀವು ಯೋಚಿಸುತ್ತಿರಬಹುದು. ಫೋನ್ ಇದ್ದು ಏನು ಬಂತು? ಅದು ರಿಂಗಾದ ಕೂಡಲೇ ಜಗುಲಿಯಲ್ಲಿ ಕೂತ ನಿಮ್ಮ ಫುಟ್‌ಬಾಲ್ ಕ್ಲಬ್ಬಿನವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೊನ್ನೆ ನೀವು ಮಾಡಿದಾಗ, ನಿಮ್ಮ ಒಂದು ಮ್ಯಾಚೂ ತಪ್ಪಿಸದ ಕೆರಿಯಪ್ಪ ನಾಚಿಕೆ ಬಿಟ್ಟು 'ತಂಗೀ, ಸ್ಪೀಕರ್ ಹಾಕೇ' ಅಂದರು. ನೀವೂ ಆ ಕಡೆಯಿಂದ ಬರೀ ಹೂಂ, ಹೂಂ. ಮದುವೆಯಾದಾಗಿನಿಂದ ನಿಮ್ಮ ಹೂಂ ಕೇಳಿ ನನಗೆ ಸಾಕಾಗಿದೆ. ಕಡೆಗೆ ಇವರೇ ಸೇರಿ ತೀರ್ಮಾನ ಮಾಡಿದರು: ಸಾಬರು ಯಾರ ಮಾತನ್ನೂ ಕೇಳುವವರಲ್ಲ, ಮನೆಯವರು ಬರೆದರೆ ಕೇಳಬಹುದು. ಕಾಗದ, ಕವರು, ಪೆನ್ನು ಎಲ್ಲ ಅವರೇ ತಂದುಕೊಟ್ಟಿದ್ದಾರೆ. ಈಗ ಹೊರಗೆ ಕೂತು ಕಾಯುತ್ತಿದ್ದಾರೆ. ಉರ್ದು ಬರೆಯಲು ನನಗೆ ಬಾರದು, ಓದಲು ನಿಮಗೆ ಬಾರದು, ಆದ್ದರಿಂದ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡಿ.

ಆಗಿದ್ದು ಇಷ್ಟು. ದಾಂಡೇಲಿಯ ಶಾಲೆಯವರು ಮಕ್ಕಳಿಗೆ ರಜೆಯಲ್ಲಿ ಫುಟ್‌ಬಾಲ್ ಕಲಿಸಿ ಎಂದು ಕರೆದಾಗ ನೀವು ಊರಿಗೆಲ್ಲ ಹೇಳಿಯೇ ಹೋದಿರಿ, ಆಗ ಯಾರೂ ತಕರಾರು ಮಾಡಲಿಲ್ಲ. ಹೋದ ವಾರ ಆ ಶಾಲೆಯವರು ಒಂದು ಫೋಟೋ ಹಾಕಿದರಂತೆ. ಅದರಲ್ಲಿ ನೀವು ದಾಂಡೇಲಿ ಟೀಮಿನ ಬಣ್ಣದ ನೀಲಿ ಟೋಪಿ ಹಾಕಿಕೊಂಡಿದ್ದೀರಿ. ಅಷ್ಟೇ ಸಾಕಾಯಿತು. ನಮ್ಮ ಗ್ರೀನ್ ಸ್ಟಾರ್ ಮ್ಯಾನೇಜರ್ ತಲೆಯ ಮೇಲೆ ನೀಲಿ ಟೋಪಿ! ಬೆಳಿಗ್ಗೆ ಹಾಲು ತರಲು ಹೋದವಳಿಗೆ ಹಾಲಿನವನೇ ಕೇಳಿದ, 'ಸಾಬ್ರು ದಾಂಡೇಲಿಗೇ ನಿಂತ್ರಂತಲ್ಲ ಭಾಬಿ, ಹೌದಾ?' ಮಧ್ಯಾಹ್ನಕ್ಕೆ ಊರವರ ಬಾಯಲ್ಲಿ ನೀವು ದಾಂಡೇಲಿ ಟೀಮಿಗೆ ಸೇರಿ ಆಗಿತ್ತು. ಸಂಜೆಗೆ ಕಾರು ಕೊಟ್ಟಿದ್ದರು. ಮಾರನೇ ದಿನ ನಾವು ಮನೆ ಮಾರುವುದೂ ನಿಶ್ಚಯವಾಗಿ, ನೋಡಿಕೊಂಡು ಹೋಗಲು ಗಂಡ ಹೆಂಡತಿ ಇಬ್ಬರು ಬಂದಿದ್ದರು! ಅವರಿಗೆ ಚಹಾ ಕೊಟ್ಟು ಕಳಿಸಿದೆ, ಪಾಪ, ಅವರೇನು ಮಾಡಿಯಾರು.

ಅಂದಿನಿಂದ ನಮ್ಮ ಜಗುಲಿ ಬಸ್‌ಸ್ಟ್ಯಾಂಡ್ ಆಗಿದೆ. ಬರುವವರೆಲ್ಲ ಮೊದಲು ನನ್ನ ಮುಖ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಮೊಳೆಯಲ್ಲಿ ಚೆಂಡಿನ ಚೀಲ ತೂಗುತ್ತಿದೆಯೋ ಇಲ್ಲವೋ ಎಂದು. ನಿಮ್ಮ ಕ್ಲಬ್ಬಿನ ಪದ್ಧತಿ ನಿಮಗೆ ನಾನು ಹೇಳಬೇಕೇ? ರಾಜೀನಾಮೆ ಎಂದು ಯಾರೂ ಬರೆದುಕೊಟ್ಟಿದ್ದಿಲ್ಲ, ಬಾಯಲ್ಲಿ ಹೇಳಿದ್ದೂ ಇಲ್ಲ. ಬಿಡುವವನ ಮನೆಯಿಂದ ಆ ಬಲೆಯ ಚೀಲ ಮುಂದಿನವನ ಮನೆಗೆ ಹೋದರೆ ಮುಗಿಯಿತು, ಆಮೇಲೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ, ಚೀಲ ತಿರುಗಿ ಬರುವ ಹಾಗೂ ಇಲ್ಲ. ನಮ್ಮ ಮನೆಗೂ ಅದು ಹಾಗೆಯೇ ಬಂದದ್ದು. ಐಮನ್ ಆಗ ತೊಟ್ಟಿಲಲ್ಲಿದ್ದಳು, ಈಗ ಅವಳ ಮಗಳು ಶಾಲೆಗೆ ಹೋಗುತ್ತಾಳೆ. ಚೀಲ ಇನ್ನೂ ಇಲ್ಲೇ ಇರುವುದರಿಂದ ಊರಿಗೆ ಸ್ವಲ್ಪ ಜೀವ ಇದೆ. ಗುರುವಾರ ಗೋಡೆ ಒರೆಸೋಣ ಎಂದು ನಾನು ಅದನ್ನು ತೆಗೆದು ಕೋಣೆಯಲ್ಲಿಟ್ಟೆ ನೋಡಿ, ಅರ್ಧ ಗಂಟೆಯಲ್ಲಿ ಮೊಯಿನ್ ಟೆಂಪೋವನ್ನು ರಸ್ತೆಯ ಮಧ್ಯೆಯೇ ಬಿಟ್ಟು ಓಡಿಬಂದ. ಅವನು ನಿಮ್ಮ ಕ್ಯಾಪ್ಟನ್ ಆಗಿದ್ದವನು, ನಾಳೆ ಚೀಲ ಹೋದರೆ ಅವನ ಮನೆಗೇ ಹೋಗಬೇಕು. ಆದರೂ 'ಚಾಚಿ, ಚೀಲ ಎಲ್ಲಿ? ನನಗೆ ಬ್ಯಾಡ ಚಾಚಿ' ಎಂದು ಕಣ್ಣಲ್ಲಿ ನೀರು ತಂದುಕೊಂಡ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಗೋಡೆ ಒಣಗುವ ಮೊದಲೇ ಚೀಲವನ್ನು ಮತ್ತೆ ತೂಗುಹಾಕಿದೆ.

ನಿಮ್ಮ ಮೇಲೆ ಇವರಿಗಿರುವ ಪ್ರೀತಿ ಸುಳ್ಳಲ್ಲ, ಅದನ್ನು ನಾನು ಒಪ್ಪಬೇಕು. ಕೆಲವರು ಸಿಟ್ಟು ಮಾಡಿಕೊಂಡಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ಯಾರೋ ನಿಮ್ಮನ್ನು ನಂಬಿಕೆದ್ರೋಹಿ ಎಂದು ಬರೆದನಂತೆ, ಉಳಿದವರು ಅವನನ್ನು ಗುಂಪಿನಿಂದ ತೆಗೆದು, ಆಟಕ್ಕೆ ಜನ ಕಡಿಮೆಯಾಯಿತೆಂದು ಮತ್ತೆ ಸೇರಿಸಿಕೊಂಡರಂತೆ. ಸಿದ್ದಾಪುರ ಟೀಮಿನ ಮಧುಕೇಶ್ವರ ಕೂಡ ಫೋನ್ ಮಾಡಿದ್ದರು. ಎದುರಾಳಿ ಮ್ಯಾನೇಜರ್, ಖುಷಿಪಡಬೇಕಾದವರು! 'ಎಂತ ಅಕ್ಕಾ, ದಾವೂದ್ ಸಾಬ್ರು ಹೋಗೂದು ಹೌದಾ? ಅವ್ರಿಲ್ದೇ ಹೋದ್ರೆ ನಾವು ಯಾರ ಹತ್ರ ಜಗಳ ಆಡೂದು?' ಎಂದು ಕೇಳಿದರು. ಸಿರ್ಸಿಯ ಕಪ್ ಹತ್ತಿರ ಬಂತು, ಪ್ರಾಕ್ಟೀಸಿಗೆ ಬಂದವರು ಆಡದೆ ನಿಮ್ಮ ವಿಷಯವನ್ನೇ ಮಾತಾಡಿ ಮನೆಗೆ ಹೋಗುತ್ತಿದ್ದಾರೆ. ಒಗೆಯಲು ಜರ್ಸಿ ಮಾತ್ರ ತಪ್ಪದೆ ಬರುತ್ತಿದೆ. ಆಡದವರ ಜರ್ಸಿ ಹೇಗೆ ಕೊಳೆಯಾಗುತ್ತದೋ ನಾ ಕಾಣೆ. ಇಷ್ಟು ವರ್ಷ ಆ ಹಸಿರು ಬಣ್ಣ ಬಿಟ್ಟು ಬಿಟ್ಟು ನಮ್ಮ ಮನೆಯ ಒಂದು ಟವೆಲ್ಲೂ ಬಿಳಿಯಾಗಿ ಉಳಿದಿಲ್ಲ.

ಫೋಟೋದ ವಿಷಯ ಹೇಳುತ್ತಿದ್ದೆ. ಕೆರಿಯಪ್ಪನವರು ತಮ್ಮ ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ಮಾಡಿ ಎಲ್ಲರಿಗೂ ತೋರಿಸುತ್ತಿದ್ದರು. ಅವರ ಸಿಟ್ಟು ಟೋಪಿಯ ಮೇಲಲ್ಲ. 'ನೋಡು ತಂಗೀ, ಇಲ್ಲಿ ನೋಡು. ನಮ್ಮ ಕೂಡೆ ಇಷ್ಟು ವರ್ಷ ಇದ್ರು, ಒಂದಿನ ನಕ್ಕಿದ್ದು ನಾ ಕಾಣ್ಲಿಲ್ಲ. ಅಲ್ಲಿ ಹೋಗಿ ಹಲ್ಲು ತೋರಿಸ್ತಾರಲ್ಲ!' ನನಗೆ ಚಾಳೀಸು ಇಲ್ಲದೆ ಕಾಣುವುದಿಲ್ಲ, ಒಳಗೆ ಹೋಗಿ ತಂದು ಹಾಕಿಕೊಂಡು ನೋಡಿದೆ. ಹೌದು, ನಗುತ್ತಿದ್ದೀರಿ. ಮಕ್ಕಳು ಸುತ್ತ ಚೆಂಡು ಹಿಡಿದು ನಿಂತಿದ್ದಾರೆ, ನೀವು ನಡುವೆ ಕುರ್ಚಿಯ ಮೇಲೆ ಕೂತಿದ್ದೀರಿ. ನೋವಿನ ಕಾಲು ಉದ್ದಕ್ಕೆ ಚಾಚಿದ್ದೀರಿ. ಅದರ ಕೆಳಗೆ ಯಾರೋ ಒಂದು ಸಣ್ಣ ಸ್ಟೂಲು ಇಟ್ಟಿದ್ದಾರೆ. ನಾನು ಫೋನ್ ತಿರುಗಿ ಕೊಡದೆ ಎಷ್ಟೋ ಹೊತ್ತು ಹಿಡಿದುಕೊಂಡಿದ್ದೆನಂತೆ, ಕೆರಿಯಪ್ಪ ಎರಡು ಸಲ ಕೇಳಿ ಇಸಿದುಕೊಂಡರು.

ಇಲ್ಲಿ ನಿಮ್ಮನ್ನು ಕೂರಲು ಬಿಟ್ಟವರು ಯಾರು? ಯಾವುದೋ ಕಾಲದಲ್ಲಿ ಸಿದ್ದಾಪುರದವರ ಎದುರು ಆಡುವಾಗ ನೀವು ಸುಸ್ತಾಗಿ ಕಲ್ಲಿನ ಮೇಲೆ ಕೂತಿರಿ, ಕೂತ ಗಳಿಗೆಗೇ ನಮಗೆ ಗೋಲು ಬಿತ್ತು. ಅದನ್ನೇ ಹಿಡಿದುಕೊಂಡರು. ದಾವೂದ್ ಭಾಯಿ ಕೂತರೆ ಗೋಲು ಬೀಳುತ್ತದೆ! ಅಂದಿನಿಂದ ಮೈದಾನದಲ್ಲಿ ನಿಮಗೆ ಕುರ್ಚಿ ಇಲ್ಲ. ಲಾರಿಯ ಕ್ಲಚ್ಚು ತುಳಿದು ತುಳಿದು ಹಾಳಾದ ಮಂಡಿ, ಘಟ್ಟ ಹತ್ತಿಳಿದ ಮಂಡಿ, ಮ್ಯಾಚು ಮುಗಿಯುವವರೆಗೆ ನಿಂತೇ ಇರಬೇಕು. ನೀವು ಸ್ವಲ್ಪ ಬಗ್ಗಿದರೂ 'ಭಾಯೀ, ಕೂರ್ಬ್ಯಾಡಿ' ಎಂದು ನೂರು ಜನ ಕೂಗುತ್ತಾರೆ. ಮನೆಗೆ ಬಂದು ಗೇಟು ಹಿಡಿದು ನಿಲ್ಲುತ್ತಿದ್ದಿರಿ, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಗೆದ್ದ ದಿನವೂ ಹಾಗೆಯೇ. ಇವರಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಇಲ್ಲವೆನ್ನಲಾರೆ, ಆದರೆ ಅದರಲ್ಲಿ ಒಂದು ಕುರ್ಚಿಗೆ ಜಾಗ ಇಲ್ಲ. ಇದನ್ನು ಹೊರಗೆ ಕೂತವರಿಗೆ ಹೇಳಿಲ್ಲ.

ಇರಲಿ. ಒಪ್ಪಿಕೊಂಡ ಕೆಲಸ ಮಾಡುತ್ತೇನೆ. ಕೆರಿಯಪ್ಪನವರು ಹೇಳುವುದೇನೆಂದರೆ, ನೀವು ಹೋದರೆ ಅವರು ಇನ್ನು ಮೈದಾನದ ಕಡೆ ಕಾಲಿಡುವುದಿಲ್ಲವಂತೆ. (ಈಗಷ್ಟೇ ಕಿಟಕಿಯಿಂದ 'ನನ್ನ ಹೆಸರು ಬಂತನೇ?' ಎಂದು ಕೇಳಿದರು. ಬಂತು ಎಂದೆ.) ಮೊಯಿನ್ ಹೇಳುವುದು, ಅವನಿಗೆ ಆಡಿಸಲು ಬರುತ್ತದೆ, ಬೈಯಲು ಬರುವುದಿಲ್ಲ, ಬೈಯಲಿಕ್ಕಾದರೂ ನೀವು ಬೇಕು. ಉಳಿದವರೆಲ್ಲ ಸೇರಿ ಹೇಳುವುದು, ಸಿರ್ಸಿಯ ಕಪ್ಪಿಗೆ ನೀವು ಬಂದೇ ಬರಬೇಕು, ಆಮೇಲೂ ಇರಬೇಕು, ಯಾವತ್ತೂ ಇರಬೇಕು. ಎಲ್ಲವನ್ನೂ ಬರೆದಿದ್ದೇನೆ, ಯಾರದ್ದೂ ಬಿಟ್ಟಿಲ್ಲ.

ಐಮನ್‌ಗೂ ಅಳಿಯನಿಗೂ ನನ್ನ ದುವಾ. ಮೊಮ್ಮಗಳ ಹಣೆಗೆ ನನ್ನ ಪರವಾಗಿ ಒಂದು ಮುತ್ತು. ಬಿಸಿಲಲ್ಲಿ ತಿರುಗಬೇಡಿ. ಅಲ್ಲಾಹ್ ನಿಮ್ಮನ್ನು ಕಾಪಾಡಲಿ.

ನಿಮ್ಮ
ಶಮ್ಸುನ್ನಿಸಾ

ಮತ್ತೆ: ಕವರು ಅಂಟಿಸಿಲ್ಲ, ಬೇಗ ಬರೆಯುತ್ತೇನೆ, ದಾಂಡೇಲಿಗೆ ಹೊರಟ ಶಂಭುಲಿಂಗ ಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಮುಗಿಯಿತು ಎಂದ ಕೂಡಲೇ ಇವರೆಲ್ಲ ಸಮಾಧಾನದಿಂದ ಊಟಕ್ಕೆ ಹೋದರು. ಜಗುಲಿ ಖಾಲಿಯಾಯಿತು. ನಾನು ಬುರ್ಖಾ ಹಾಕಿಕೊಂಡು, ಚೀಲ ಇಳಿಸಿ, ಹೆಗಲ ಮೇಲೆ ಹೊತ್ತುಕೊಂಡು ಮೊಯಿನ್ ಮನೆಗೆ ಹೋಗಿ ಅವನ ಕೈಗೆ ಕೊಟ್ಟುಬಂದೆ. 'ಚಾಚಿ, ಇದು ಎಂತ ಮಾಡಿದ್ರಿ' ಅಂದ, ಆದರೆ ಎರಡೂ ಕೈ ಚಾಚಿ ತೆಗೆದುಕೊಂಡ. ಬೈಯುವುದನ್ನು ಕಲಿತುಕೊಳ್ಳುತ್ತಾನೆ ಬಿಡಿ. ಶಾಲೆಯವರು ನಿಮಗೆ ಕಾಯಂ ಕೆಲಸ ಕೊಡುತ್ತೇವೆ, ಅಲ್ಲೇ ಎರಡು ಕೋಣೆಯ ಮನೆಯೂ ಇದೆ ಎಂದದ್ದನ್ನು ಐಮನ್ ನಿನ್ನೆ ಬಾಯ್ತಪ್ಪಿ ಹೇಳಿದಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿರಂತೆ. ಎಲ್ಲಿ ಕೇಳಿದಿರಿ? ಹೋಗುವ ಹಿಂದಿನ ದಿನ 'ದಾಂಡೇಲಿ ಹವಾ ನಿನಗೆ ಆಗ್ತದಾ?' ಅಂದಿರಲ್ಲ, ಅದೇ ಕೇಳಿದ್ದೇ? ಆಗುತ್ತದೆ. ನಾಳೆಯೇ ಅವರಿಗೆ ಹೂಂ ಅನ್ನಿ, ಕುರ್ಚಿಯ ಮೇಲೆ ಕೂತುಕೊಂಡೇ ಅನ್ನಿ. ಸಂಜೆ ಊರೆಲ್ಲ ಬಂದು ನನ್ನನ್ನು ಬೈಯುತ್ತದೆ, ಬೈಯಲಿ. ಮಳೆ ಹಿಡಿಯುವ ಮೊದಲು ಬಂದು ಕರೆದುಕೊಂಡು ಹೋಗಿ. ಮೊಳೆ ಖಾಲಿ ಕಾಣಬಾರದೆಂದು ನನ್ನ ಬಟ್ಟೆ ತುಂಬಿಟ್ಟ ಚೀಲ ತೂಗುಹಾಕಿದ್ದೇನೆ.