ಆರು ಮಿಂಚು, ಒಂದು ನೀಳ ಬೆಳಕು

ಅಕ್ಕಾ,

ನಾಲ್ಕು ವರ್ಷದ ಮೇಲೆ ನನ್ನ ಅಕ್ಷರ ಕಂಡು ಈ ಕಾಗದವನ್ನು ಹರಿದು ಹಾಕಬೇಡ. ದಮ್ಮಯ್ಯ, ಪೂರ್ತಿ ಓದು.

ಮೊನ್ನೆ ಸಂಜೆ ನಲವತ್ತೆರಡು ಜನರನ್ನು ಹತ್ತಿಸಿಕೊಂಡು ದ್ವೀಪದಿಂದ ಲಾಂಚು ಬಿಟ್ಟೆ. ಬಂಡೆಸಾಲಿನ ಹತ್ತಿರ ಬರುವಷ್ಟರಲ್ಲಿ ಮಂಜು ಕವಿಯಿತು. ದಾರಿ ತೋರಿಸುವ ಯಂತ್ರದ ಪರದೆಯೂ ಕೈಕೊಟ್ಟಿತು. ಉಳಿದದ್ದು ದಿಕ್ಸೂಚಿ, ಮತ್ತೆ ಮುಂದೆ ಮಸುಕಾಗಿ ಮಿನುಗುತ್ತಿದ್ದ ಒಂದು ತೇಲುದೀಪ. ಅದು ಬಂಡೆಸಾಲಿನ ಪಶ್ಚಿಮದ್ದೋ ದಕ್ಷಿಣದ್ದೋ ಎಂದು ಮಿಂಚು ಎಣಿಸಿಯೇ ತಿಳಿಯಬೇಕು.

ಅಡುಗೆಮನೆಯ ಸ್ವಿಚ್ಚು ಒತ್ತಿ ಒತ್ತಿ ನೀನೇ ಕಲಿಸಿದ್ದೆ. ಒಂಬತ್ತು ಮಿಂಚಿದರೆ ದೀಪದ ಪಶ್ಚಿಮಕ್ಕೆ ಹಾದುಹೋಗಬೇಕು. ಆರು ಮಿಂಚಿ, ಹಿಂದೆಯೇ ಒಂದು ನೀಳ ಬೆಳಕು ಬಂದರೆ ದಕ್ಷಿಣಕ್ಕೇ ಉಳಿಯಬೇಕು, ಉತ್ತರದಲ್ಲಿ ಬಂಡೆ.

ಬಂಡೆಸಾಲಿನ ಪಶ್ಚಿಮಕ್ಕೆ ಸರಿದು ಉತ್ತರದ ಬಂದರಿಗೆ ಹೋಗುವುದು ನನ್ನ ದಿನದ ದಾರಿ. ಅಲೆಗಳ ಮರೆಗೆ ಸರಿದ ಮಿಂಚುಗಳನ್ನೂ ಸೇರಿಸಿ ಎಣಿಸಿದೆ. ಒಂಬತ್ತು. ದೀಪವನ್ನು ಬಲಕ್ಕೆ ಬಿಟ್ಟು ಉತ್ತರಕ್ಕೇ ನಡೆಸಿದೆ.

ಹಗ್ಗ ನೋಡಿಕೊಳ್ಳುವ ಅಣ್ಣ ಮೆಲ್ಲಗೆ ಅಂದ: "ಮೇಡಂ, ಇನ್ನೊಂದ್ಸಲ ಎಣಿಸೋಣ. ಕೊನೇದು ಉದ್ದ ಇದ್ದಂಗಿತ್ತು."

ಸುಮ್ಮನಿರು ಎನ್ನಲು ಬಾಯಿ ತೆರೆದವಳಿಗೆ ನಿನ್ನ ಮುಖ ಕಣ್ಣಿಗೆ ಕಟ್ಟಿತು. ಇದೇ ಬಂಡೆಸಾಲಿಗೆ ನಿನ್ನ ಲಾಂಚು ತಾಗಿದಾಗ, ವಿಚಾರಣೆಯ ಕೋಣೆಯಲ್ಲಿ ಎಲ್ಲರೆದುರು ನಾನೇ ಅಂದಿದ್ದೆ, "ದೀಪ ಎಣಿಸೋಕೆ ಬರದವಳು ಚುಕ್ಕಾಣಿ ಯಾಕೆ ಹಿಡೀಬೇಕು?" ನೀನು ಎದ್ದು ಹೋದೆ. ಲೈಸೆನ್ಸು ಹೋಯಿತು. ಅಂದಿನಿಂದ ನಮ್ಮ ಮಾತೂ ನಿಂತಿತು.

ಎಂಜಿನ್ ನಿಧಾನಿಸಿದೆ. ನೀರಿನ ಸೆಳೆತ ಮಾತ್ರ ನಮ್ಮನ್ನು ಮುಂದಕ್ಕೆ ಎಳೆಯುತ್ತಲೇ ಇತ್ತು. ಕತ್ತಲು. ಇನ್ನೂ ಕತ್ತಲು. ಹಿಂದೆ ಯಾವುದೋ ಮಗು ಅಳತೊಡಗಿತು. ಆಮೇಲೆ ಬೆಳಕು. ಇಬ್ಬರೂ ಬಾಯಿಬಿಟ್ಟು ಎಣಿಸಿದೆವು. ನಾಲ್ಕು, ಐದು, ಆರು. ಏಳನೆಯದು ಬಂದದ್ದು ಬೇಗ ಆರಲೇ ಇಲ್ಲ.

ಎಂಜಿನ್ ಹಿಮ್ಮುಖವಾಗಿ ಓಡಿಸಿ ಚುಕ್ಕಾಣಿ ತಿರುಗಿಸಿದೆ. ಲಾಂಚು ನಡುಗಿ ನಿಂತು, ದಕ್ಷಿಣಕ್ಕೆ ಹೊರಳಿತು. ಹತ್ತು ಮಾರು ದೂರದಲ್ಲಿ ಬಂಡೆಗೆ ಬಡಿದ ನೀರು ಬೆಳ್ಳಗೆ ನೊರೆಗಟ್ಟುತ್ತಿತ್ತು. ಪ್ರಯಾಣಿಕರಿಗೆ ಏನೂ ಗೊತ್ತಾಗಲಿಲ್ಲ. ಇಳಿಯುವಾಗ ಒಬ್ಬರು ತಡವಾಯಿತೆಂದು ಗೊಣಗಿದರು ಕೂಡ.

ನನಗೆ ಒಂಬತ್ತು ಬೇಕಾಗಿತ್ತು ಅಕ್ಕಾ, ಅದಕ್ಕೇ ಒಂಬತ್ತು ಕಂಡಿತು. ನಿನಗೂ ಹೀಗೇ ಆಗಿತ್ತೇ ಎಂದು ಆ ದಿನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ತಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಆ ಅಣ್ಣ ಹೇಳಿದ. ಆದರೂ ಮೊದಲ ಎಣಿಕೆ ತಪ್ಪಿದ್ದು ನನ್ನದೇ ಎಂದು ವರದಿಯಲ್ಲಿ ಬರೆದುಕೊಟ್ಟಿದ್ದೇನೆ. ಸೋಮವಾರ ವಿಚಾರಣೆಗೆ ಕರೆದಿದ್ದಾರೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು.

ಕಾಗದದಲ್ಲಿ ಕ್ಷಮೆ ಕೇಳಿ ಕೈತೊಳೆದುಕೊಳ್ಳಲಾರೆ. ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ನಿನ್ನ ಮನಸ್ಸು ತಣ್ಣಗಿರಲಿ.

ನಿನ್ನ ತಂಗಿ