ಅನಕಾಪಲ್ಲಿಗೆ ಒಬ್ನೇ ಹೋಗಿದ್ದು

ಅಣ್ಣಾ,

ನಿನ್ನೆ ಅನಕಾಪಲ್ಲಿಗೆ ಹೋಗಿದ್ದೆ. ವಿಜಯವಾಡದಿಂದ ರೈಲಲ್ಲಿ ನಿಂತ್ಕೊಂಡೇ ಹೋದೆ, ಕಾಲು ಇನ್ನೂ ಜುಮ್ ಅಂತಿದೆ. ನೀನು ತೆಗೆದ ಫೋಟೋಗಳಲ್ಲಿ ಕೊಡದೆ ಉಳಿದಿದ್ದು ಬೆಲ್ಲದ ಮಂಡಿ ಅಪ್ಪಲಮ್ಮಂದು ಒಂದೇ. ಅದನ್ನ ಕೊಟ್ಟು, ನಿನ್ನ ಕ್ಯಾಮೆರಾನ ಟ್ರಂಕಿಗೆ ಹಾಕ್ಬಿಡೋಣ ಅಂತಿದ್ದೆ. ಸಾಕಾಗಿದೆ ಅಣ್ಣಾ. ದಿನಾ ಸ್ಟುಡಿಯೋಲಿ ಪಾಸ್‌ಪೋರ್ಟ್ ಸೈಜಿನ ಮುಖಗಳು, ಭಾನುವಾರ ಬಂದ್ರೆ ನೀನಿಲ್ಲ...

ಮೊದಲನೇ ಸಲ ನನ್ನ ಕೊಂಡಪಲ್ಲಿಗೆ ಕರ್ಕೊಂಡು ಹೋಗಿದ್ದು ನೆನಪಿದ್ಯಾ? ಬಸ್ ಇಳಿದಿದ್ದೇ ತಡ, ನಾನು ಗೊಂಬೆ ಮಾಡೋರ ಮೂಗಿಗೇ ಕ್ಯಾಮೆರಾ ಹಿಡಿದೆ. ನೀನು ನನ್ನ ಕೈ ತಳ್ಳಿದೆ. "ಲೋ, ಯಾರ ಮನೆಗಾದ್ರೂ ಹೋದ್ರೆ ನೇರ ಅಡುಗೆಮನೆಗೇ ನುಗ್ತೀಯೇನೋ? ಕೂತ್ಕೋ. ನಾಲ್ಕು ಮಾತಾಡು. ಆಮೇಲೂ ತೆಗೀಬೇಕು ಅನ್ಸಿದ್ರೆ ತೆಗಿ." ಮಧ್ಯಾಹ್ನದವರೆಗೂ ಒಂದೂ ತೆಗೀಲಿಲ್ಲ ನೀನು. ಊರು ಸುತ್ತಿ ಫೋಟೋ ತೆಗಿಯೋದು ಅಂದ್ರೆ ಇದೇನಾ ಅಂತ ನನಗೆ ಸಿಟ್ಟು.

ವೈಜಾಗ್ ಬೀಚಲ್ಲೂ ಅಷ್ಟೇ. ಎಲ್ರೂ ಸಮುದ್ರ ತೆಗೀತಿದ್ರೆ, ನೀನು ಬಲೆ ಹೊಲಿಯೋ ತಾತನ ಹತ್ರ ಮೀನಿನ ವಿಚಾರ ಕೇಳ್ತಾ ಕೂತಿದ್ದೆ. "ಪ್ರಿಂಟ್ ಕೊಡೋಕೆ ವಾಪಸ್ ಬರೋ ಮನಸಿಲ್ಲ ಅಂದ್ರೆ ಬಟನ್ ಒತ್ತಬೇಡ" ಅಂತಿದ್ದೆ. ಇನ್ನು ನಾನೂ ತೆಗೀತಾ ಹೋದ್ರೆ ಎಷ್ಟು ಊರಿಗೆ ಅಂತ ವಾಪಸ್ ಹೋಗ್ಲಿ, ಒಬ್ನೇ?

ಅಪ್ಪಲಮ್ಮ ಅದೇ ಮೂಲೇಲಿ ಬೆಲ್ಲದಚ್ಚು ಜೋಡಿಸ್ತಾ ಇದ್ರು. ಸೆರಗಲ್ಲಿ ಕೈ ಒರೆಸ್ಕೊಂಡು ಫೋಟೋ ನೋಡಿದ್ರು. "ಇಷ್ಟು ಕಪ್ಪಗಿದೀನಾ ಬಾಬು ನಾನು? ಎಲ್ಲಿ ನಿಮ್ಮಣ್ಣ, ಅವನ್ನ ಕರಿ, ನಾಲ್ಕು ಬೈಬೇಕು."

ನನ್ನ ಬಾಯಿಗೆ ಬಂದಿದ್ದು, "ಟ್ರಾನ್ಸ್‌ಫರ್ ಆಯ್ತಮ್ಮಾ." ನಮ್ಮ ರೈಲ್ವೆ ಕ್ವಾರ್ಟರ್ಸಲ್ಲಿ ಯಾರಾದ್ರೂ ಕಾಣ್ಲಿಲ್ಲ ಅಂದ್ರೆ ಹೇಳೋದು ಅದೇ ತಾನೇ.

"ಯಾವೂರಿಗೆ?"

ಒಂದು ಊರಿನ ಹೆಸರೂ ಬರ್ಲಿಲ್ಲ. ಅಲ್ಲೇ ಮೂಟೆ ಮೇಲೆ ಕೂತೆ. ಹರಕು ತೆಲುಗಲ್ಲಿ ಎಲ್ಲ ಹೇಳ್ದೆ, ನಿನ್ನ ಜ್ವರ, ಆಸ್ಪತ್ರೆ, ಕೊನೇ ದಿನ. ಅಮ್ಮನ ಹತ್ರಾನೂ ಅಷ್ಟು ಮಾತಾಡಿಲ್ಲ ನಾನು. ಎಲ್ಲ ಕೇಳಿ ಅಪ್ಪಲಮ್ಮ ಎದ್ದು ಹೋಗಿ ಮೊಮ್ಮಗಳ ರಟ್ಟೆ ಹಿಡಿದು ಎಳ್ಕೊಂಡು ಬಂದ್ರು. "ಇವಳದ್ದು ತೆಗಿ."

ತೆಗೆದೆ. ನೀನು ಹೋದ್ಮೇಲೆ ಸ್ಟುಡಿಯೋ ಬಿಟ್ಟು ಹೊರಗೆ ತೆಗೆದಿದ್ದು ಅದೇ ಮೊದಲು. ಬೆಳಕು ಸಾಲದು, ಹೆಂಗೆ ಬಂದಿದ್ಯೋ. ಹುಡುಗಿಗೆ ಮುಂದಿನ ಹಲ್ಲಿಲ್ಲ, ಎಷ್ಟು ನಗಿಸಿದ್ರೂ ಬಾಯಿ ಬಿಡ್ಲಿಲ್ಲ. ಸಂಕ್ರಾಂತಿಗೆ ಪ್ರಿಂಟ್ ಕೊಡೋಕೆ ಹೋಗ್ತೀನಲ್ಲ, ಅಷ್ಟೊತ್ತಿಗೆ ಹಲ್ಲು ಬಂದಿರುತ್ತೆ.